ನೋಡಿದ್ದೆಲ್ಲ ಬರೀ ಡಬ್ಬಿ

ವರ್ಷಕ್ಕೆ ನಾಲ್ಕೈದು ಸಲವಾದರೂ ಇಂಥ ಜೋಡಿ ನನ್ನೆದುರು ಬಂದು ಕೂರುತ್ತದೆ. ವಸ್ತು ಮಾತ್ರ ಬೇರೆ ಬೇರೆ. ಒಬ್ಬರಿಗೆ ಕ್ಯಾಮೆರಾ ಲೆನ್ಸು, ಇನ್ನೊಬ್ಬರಿಗೆ ಹೆಣಿಗೆಯ ನೂಲು, ಮತ್ತೊಬ್ಬರಿಗೆ ಓದದೇ ಪೇರಿಸಿಟ್ಟ ಪುಸ್ತಕ. ದೂರು ಒಂದೇ: ‘ತರೋದು ನಿಲ್ಲಿಸೋದಿಲ್ಲ, ತಂದದ್ದನ್ನ ಮುಟ್ಟೋದೂ ಇಲ್ಲ.’ ಈ ಸಲದ್ದು ಕಾರುಗಳ ಮಾಡೆಲ್ ಕಿಟ್. ಪ್ಲಾಸ್ಟಿಕ್ ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿ ಕಟ್ಟುವಂಥದ್ದು. ಇದರಲ್ಲಿ ನಾನು ಮೊದಲು ಕೊಟ್ಟ ಸಲಹೆ ತಪ್ಪಾಯಿತು. ಆಮೇಲೆ ಕೊಟ್ಟದ್ದನ್ನು ನನ್ನ ಸಹೋದ್ಯೋಗಿಗಳೇ ಒಪ್ಪಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ದಂಪತಿಯ ಒಪ್ಪಿಗೆಯೂ ಇದೆ.

ಗಂಡನಿಗೆ ನಲವತ್ತರ ಆಸುಪಾಸು. ಲೆಕ್ಕ ತಪ್ಪಿದರೆ ಜವಾಬು ಕೊಡಬೇಕಾದ ಕೆಲಸ. ಮದುವೆಯಾಗಿ ಹನ್ನೊಂದು ವರ್ಷ. ಮನೆಯಲ್ಲಿದ್ದ ಕಿಟ್‌ಗಳು ನೂರನಲವತ್ತಕ್ಕೂ ಹೆಚ್ಚು. ಈ ಹನ್ನೊಂದು ವರ್ಷದಲ್ಲಿ ಕಟ್ಟಿ ಮುಗಿಸಿದ್ದು ಒಂದೂ ಇಲ್ಲ. ಅರ್ಧಕ್ಕೆ ನಿಂತವು ಮೂರು.

ಬೇರೆ ಜಗಳವೇನೂ ಇರಲಿಲ್ಲ. ಸಾಲ ಮಾಡಿರಲಿಲ್ಲ. ಹೆಂಡತಿಯ ಮಾತಿನಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ‘ಇಷ್ಟನ್ನೂ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ ಅಂತ ಕೇಳಿದೆ ಮೇಡಂ. ಅಷ್ಟಕ್ಕೇ ಎರಡು ದಿನ ಮಾತಿಲ್ಲ.’

ನನ್ನ ಮೊದಲ ಸಲಹೆ ಯಾರಾದರೂ ಕೊಡುವಂಥದ್ದೇ: ಆರು ತಿಂಗಳು ಹೊಸದು ಕೊಳ್ಳಬೇಡಿ. ಅವರು ತಲೆಯಾಡಿಸಿದರು. ಮೂರು ವಾರದಲ್ಲಿ ಪಾರ್ಸೆಲ್‌ಗಳು ಮನೆಗೆ ಬರುವುದು ನಿಂತು ಆಫೀಸಿಗೆ ಬರತೊಡಗಿದವು. ಮೊದಲು ಬರೀ ಕೊಳ್ಳುತ್ತಿದ್ದವರು ಈಗ ಕದ್ದು ಕೊಳ್ಳತೊಡಗಿದರು. ಇದರಲ್ಲಿ ಅವರ ತಪ್ಪಿಗಿಂತ ನನ್ನದೇ ಹೆಚ್ಚು. ಏಕೆ ಕೊಳ್ಳುತ್ತಾರೆಂದು ಗೊತ್ತಾಗುವ ಮುಂಚೆಯೇ ಕೊಳ್ಳಬೇಡಿ ಅಂದಿದ್ದೆ.

ನಾಲ್ಕನೇ ಭೇಟಿಗೆ, ನಿಮಗೆ ತುಂಬಾ ಇಷ್ಟವಾದ ಒಂದು ಕಿಟ್ ತನ್ನಿ ಎಂದೆ. ಹಳೆಯ ಅಮೆರಿಕನ್ ಕಿಟ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಮಾತು ಬೇಡದ ಆ ಮನುಷ್ಯ ಅರ್ಧ ಗಂಟೆ ಮಾತಾಡಿದರು. ಅಮೆರಿಕದ ಕಿಟ್‌ಗಳು ಹೆಚ್ಚಾಗಿ 1/25 ಅಳತೆಯವು, ಜಪಾನಿನವು 1/24. ನಾಲ್ಕೂವರೆ ಮೀಟರ್ ಉದ್ದದ ಕಾರು 1/24ರಲ್ಲಿ ಹತ್ತೊಂಬತ್ತು ಸೆಂಟಿಮೀಟರಿಗೆ ಇಳಿಯುತ್ತದೆ, 1/25ರಲ್ಲಿ ಹದಿನೆಂಟಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿದವರ ಕಣ್ಣಿಗೆ ಚುಚ್ಚುತ್ತದಂತೆ. 1967ರಲ್ಲಿ ಜಪಾನಿನ ತಮಿಯಾ ಕಂಪನಿ ಹೊರತಂದ 1/12ರ ಹೋಂಡಾ ರೇಸ್ ಕಾರಿನ ಕಿಟ್ ಬಗ್ಗೆ, ನಿನ್ನೆ ನೋಡಿಬಂದ ನೆಂಟರ ಬಗ್ಗೆ ಹೇಳುವ ಹಾಗೆ ಹೇಳಿದರು. ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದರು.

ಆಮೇಲೆ ಕ್ರೋಮ್ ಭಾಗಗಳ ಹೊಳಪು ತೋರಿಸಲೆಂದು ಮುಚ್ಚಳ ತೆಗೆದರು. ಇಪ್ಪತ್ತರ ವಯಸ್ಸಿನಲ್ಲಿ ಕೊಂಡದ್ದು. ಒಮ್ಮೆ ಬಿಚ್ಚಿ ನೋಡಿ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮುಚ್ಚಿದ್ದರಂತೆ, ಮತ್ತೆ ತೆರೆದಿರಲಿಲ್ಲ. ಒಂದು ಟೈರ್ ಎತ್ತಿದರು. ಅದರ ಜೊತೆಗೆ ಬಾನೆಟ್ಟೂ ಎದ್ದು ಬಂತು.

ಬಿಡಿಸಲು ನೋಡಿದರು. ಬೆರಳಿಗೆ ಅಂಟಂಟು. ತಿರುಚಿದಾಗ ಕೊನೆಗೆ ಚಟ್ ಎಂದು ಬೇರೆಯಾಯಿತು. ಬಾನೆಟ್ಟಿನ ನಟ್ಟನಡುವೆ ಅರ್ಧಚಂದ್ರದಂಥ ಗುಳಿ. ಅದರೊಳಗೆ ಟೈರಿನ ಗೀರುಗಳು ಮೊಹರು ಒತ್ತಿದ ಹಾಗೆ ಮೂಡಿದ್ದವು.

ಅವರು ಪಾಠ ಒಪ್ಪಿಸುವ ದನಿಯಲ್ಲಿ ವಿವರಿಸಿದರು: ಟೈರನ್ನು ಮೆತ್ತಗಿಡಲು ವಿನೈಲ್‌ಗೆ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಅದು ವರ್ಷಾನುಗಟ್ಟಲೆ ಮೆಲ್ಲಗೆ ಹೊರಗೆ ಜಿನುಗುತ್ತದೆ, ತಾಗಿದ ಭಾಗದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆದುಗೊಳಿಸಿ ತಿನ್ನುತ್ತದೆ. ಟೈರನ್ನು ಬೇರೆ ಚೀಲದಲ್ಲಿಡಬೇಕು. ‘ಗೊತ್ತಿತ್ತು ಮೇಡಂ. ಬೇರೆಯವರಿಗೆಲ್ಲ ನಾನೇ ಹೇಳ್ತಿದ್ದೆ.’

ಈಗ ಹೆಂಡತಿಯಿಂದ ‘ನಾನು ಹೇಳಿರಲಿಲ್ವಾ’ ಬರುತ್ತದೆ ಅಂದುಕೊಂಡೆ. ತಡೆಯಬೇಕೆಂದು ಕೈಯನ್ನೂ ಎತ್ತಿದ್ದೆ. ಅವರು ಮುಂದೆ ಬಾಗಿ ಕಾರಿನ ಬಾಡಿಯನ್ನು ಅಂಗೈ ಮೇಲೆ ಇಟ್ಟುಕೊಂಡರು. ‘ಅಯ್ಯೋ, ಇಷ್ಟೇ ಇಷ್ಟಿರುತ್ತಾ? ಡಬ್ಬಿ ನೋಡಿ ದೊಡ್ಡದು ಅಂದ್ಕೊಂಡಿದ್ದೆ.’ ಸ್ವಲ್ಪ ಸುಮ್ಮನಿದ್ದು ನನ್ನ ಕಡೆ ತಿರುಗಿದರು. ‘ನನಗೆ ಕಾರಿನ ಮೇಲೆ ಸಿಟ್ಟು ಅಂತ ಇವರು ಹೇಳ್ತಾರಲ್ಲ, ನಾನು ಇವರ ಕಾರನ್ನ ನೋಡೇ ಇಲ್ಲ ಮೇಡಂ. ನೋಡಿದ್ದೆಲ್ಲ ಬರೀ ಡಬ್ಬಿ.’

ಗಂಡ ಟೈರ್ ಹಿಡಿದುಕೊಂಡೇ ಕೂತಿದ್ದರು. ಆಮೇಲೆ, ಯಾರೂ ಕೇಳದೆಯೇ, ಆ ಅರ್ಧಕ್ಕೆ ನಿಂತ ಮೂರರ ಕಥೆ ಹೇಳಿದರು. ಒಂದರ ಬಣ್ಣವನ್ನು ನಾಲ್ಕು ಸಲ ಹೊಡೆದು ನಾಲ್ಕು ಸಲ ಕಳಚಿದ್ದರು. ಮೊದಲ ಸಲ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಯಿತು. ಎರಡನೆಯ ಸಲ ಧೂಳು ಕೂತಿತು. ಮೂರನೆಯ ಸಲ ಕೆಂಪು ಪ್ಲಾಸ್ಟಿಕ್ಕಿನ ಬಣ್ಣ ಬಿಳಿಯ ಮೂಲಕ ಗುಲಾಬಿಯಾಗಿ ಇಣುಕಿತು. ನಾಲ್ಕನೆಯ ಸಲ ಏನಾಗಿತ್ತು ಎಂದು ಕೇಳಿದೆ. ‘ಏನೂ ಆಗಿರಲಿಲ್ಲ. ಚೆನ್ನಾಗೇ ಬಂದಿತ್ತು. ಇನ್ನೂ ಚೆನ್ನಾಗಿ ಬರಬಹುದಿತ್ತು ಅನ್ನಿಸ್ತು.’

ನೂರನಲವತ್ತು ಡಬ್ಬಿಗಳ ಗುಟ್ಟು ಇಷ್ಟೇ ಎಂದು ನನಗೆ ಅನ್ನಿಸಿದ್ದು ಆಗ. ಹೊಸ ಡಬ್ಬಿಯ ಮೇಲಿನ ಚಿತ್ರದಲ್ಲಿ ಕಾರು ಹೊಳೆಯುತ್ತಿರುತ್ತದೆ. ಅದನ್ನು ಇನ್ನೂ ಯಾರೂ ಕೆಡಿಸಿಲ್ಲ. ಕೊಂಡ ದಿನ ಆ ಕಾರನ್ನು ಅವರು ಕಟ್ಟಿ ಮುಗಿಸಿದಷ್ಟೇ ಸಂತೋಷ. ಕತ್ತರಿ ಇಟ್ಟ ಗಳಿಗೆಯಿಂದ ಅದು ಇಳಿಯಲು ಶುರು.

ಸಲಹೆ ಹೀಗಿತ್ತು. ಒಂದನ್ನೂ ಮಾರಬೇಡಿ. ಕೊಳ್ಳುವುದನ್ನು ನಿಲ್ಲಿಸಿ ಎಂದೂ ಹೇಳುವುದಿಲ್ಲ. ಆದರೆ ಪಾರ್ಸೆಲ್ ಮನೆಗೇ ಬರಲಿ, ಹೆಂಡತಿಯ ಎದುರೇ ಬಿಚ್ಚಿ. ಇರುವುದರಲ್ಲಿ ನಿಮಗೆ ತೀರಾ ಸಾಧಾರಣ ಅನ್ನಿಸುವ, ಎಂಜಿನ್ ಇಲ್ಲದ ಒಂದು ಕಿಟ್ ಆರಿಸಿ ಮೂರು ವಾರದಲ್ಲಿ ಚಕ್ರದ ಮೇಲೆ ನಿಲ್ಲಿಸಿ. ಡಬ್ಬಿಯಲ್ಲಿ ಇದ್ದದ್ದಷ್ಟೇ, ಹೊರಗಿನ ಯಾವ ಬಿಡಿಭಾಗವೂ ಬೇಡ. ಒಮ್ಮೆ ಹೊಡೆದ ಬಣ್ಣ ಕಳಚುವಂತಿಲ್ಲ. ಆದ ತಪ್ಪು ಆದ ಹಾಗೇ ಇರಬೇಕು, ಮುಗಿದ ಕಾರು ಮನೆಯವರಿಗೆ ಕಾಣುವಲ್ಲಿ ಇರಬೇಕು.

ಹೆಂಡತಿಗೂ ಒಂದು ಮಾತು ಹೇಳಿದೆ. ತಿಂಗಳಿಗೊಮ್ಮೆ ಡಬ್ಬಿ ಎಣಿಸಲೇ ಎಂದು ಕೇಳಿದ್ದರು. ಬೇಡ ಎಂದೆ. ಹೆಂಡತಿ ಕಾವಲುಗಾರ್ತಿಯಾದರೆ ಗಂಡ ಕಳ್ಳನಾಗಲೇಬೇಕಾಗುತ್ತದೆ. ಆ ಪಾತ್ರವನ್ನು ಅವರಿಗೆ ನಾನೇ ಒಮ್ಮೆ ಕೊಟ್ಟು ನೋಡಿದ್ದೇನೆ.

ಪ್ರಕರಣ ಚರ್ಚೆಗೆ ಇಟ್ಟಾಗ ಒಬ್ಬರು, ಇದು ಶೇಖರಣೆಯ ಕಾಯಿಲೆ, ನೀವು ಅದಕ್ಕೆ ನೀರೆರೆಯುತ್ತಿದ್ದೀರಿ ಎಂದರು. ಒಪ್ಪಲಾರೆ. ಈ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರಲ್ಲಿ 2013ರಿಂದ ಪ್ರತ್ಯೇಕ ಹೆಸರಿದೆ. ಅದರ ಲಕ್ಷಣ ಬರೀ ಸಂಖ್ಯೆಯಲ್ಲ. ಬೆಲೆಯಿಲ್ಲದ್ದನ್ನೂ ಎಸೆಯಲಾಗದ ಸಂಕಟ ಇರಬೇಕು, ವಸ್ತು ತುಂಬಿ ಮನೆಯ ಜಾಗ ಬಳಕೆಗೆ ಬಾರದಂತೆ ಆಗಿರಬೇಕು. ಇವರ ಡಬ್ಬಿಗಳು ಎರಡು ಕಪಾಟು ಮತ್ತು ಒಂದು ಅಟ್ಟದಲ್ಲಿ, ತಯಾರಕರ ಹೆಸರಿನ ಪ್ರಕಾರ ಸಾಲಾಗಿದ್ದವು. ಮಂಚದ ಮೇಲೆ ಮಲಗಬಹುದಿತ್ತು, ಮೇಜಿನ ಮೇಲೆ ಉಣ್ಣಬಹುದಿತ್ತು. ಈ ಹವ್ಯಾಸದವರೇ ತಮ್ಮ ದಾಸ್ತಾನನ್ನು ‘ಆಯುಸ್ಸಿಗಿಂತ ಉದ್ದ’ ಎಂದು ಗೇಲಿ ಮಾಡಿಕೊಳ್ಳುತ್ತಾರೆ. ಗೇಲಿ ಮಾಡಿಕೊಳ್ಳಬಲ್ಲವರಿಗೆಲ್ಲ ಕಾಯಿಲೆಯ ಚೀಟಿ ಅಂಟಿಸಿದರೆ ನಮ್ಮ ಕೆಲಸ ಸುಲಭವಾಗುತ್ತದೆ, ಅಷ್ಟೇ. ಹಾಗೆಂದು, ಮನೆಯಲ್ಲಿ ನಡೆಯಲು ದಾರಿಯೇ ಉಳಿದಿಲ್ಲ, ಸಾಲ ಮುಚ್ಚಿಡಲಾಗಿದೆ ಎನ್ನುವವರು ಇದನ್ನು ಓದಿ ಸಮಾಧಾನ ಪಡಬೇಡಿ; ಅದು ಬೇರೆ ಮಾತು, ಮನೋವೈದ್ಯರನ್ನು ಕಾಣಬೇಕು.

ಇನ್ನೊಬ್ಬ ಹಿರಿಯರು, ಪ್ರೀತಿಯಿಂದ ಮಾಡುವ ಕೆಲಸವನ್ನು ಕೆಟ್ಟದಾಗಿ ಮಾಡಿ ಎನ್ನುವುದು ಎಂಥ ಸಲಹೆ ಎಂದರು. ಅದು ನನಗೂ ಚುಚ್ಚಿತು. ಆದರೆ ನಾನು ಕೆಡಿಸಿ ಅನ್ನಲಿಲ್ಲ, ಮುಗಿಸಿ ಅಂದೆ. ಹನ್ನೊಂದು ವರ್ಷ ಮುಗಿಸದೇ ಇದ್ದವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ.

ಮೂರು ವಾರ ಅಂದದ್ದು ಏಳು ವಾರವಾಯಿತು. ನೀಲಿ ಬಣ್ಣದ ಚಿಕ್ಕ ಕಾರನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಆತುರಕ್ಕೆ ಸೂಪರ್ ಗ್ಲೂ ಹಾಕಿದ್ದರಿಂದ ಹಿಂಬದಿಯ ಗಾಜಿಗೆ ಬೆಳ್ಳಗೆ ಮಂಜು ಕವಿದಿತ್ತು. ಚಾವಣಿಯ ಮೇಲೆ ಹೆಬ್ಬೆರಳಿನ ಗುರುತು. ಒಂದು ಪಕ್ಕದ ಕನ್ನಡಿ ಚೌಕಟ್ಟಿನಿಂದ ಕತ್ತರಿಸುವಾಗ ಹಾರಿಹೋಗಿತ್ತಂತೆ. ಇಬ್ಬರೂ ಟಾರ್ಚ್ ಹಿಡಿದು ನೆಲದ ಮೇಲೆ ತೆವಳಿದರೂ ಸಿಗಲಿಲ್ಲ ಎಂದು ಹೆಂಡತಿ ಹೇಳಿದರು. ‘ಇಬ್ಬರೂ’ ಎಂಬ ಪದವನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಈ ನಡುವೆ ಎರಡು ಹೊಸ ಕಿಟ್ ಬಂದಿವೆ, ಮನೆಗೇ ಬಂದಿವೆ. ಟೈರುಗಳನ್ನೆಲ್ಲ ಬೇರೆ ಬೇರೆ ಚೀಲಕ್ಕೆ ಹಾಕುವ ಕೆಲಸ ಒಂದು ಭಾನುವಾರ ಶುರುವಾಗಿ ಮೂವತ್ತನೇ ಡಬ್ಬಿಗೆ ನಿಂತಿದೆ. ಗುಳಿ ಬಿದ್ದ ಆ ಬಾನೆಟ್ಟಿಗೆ ಪುಟ್ಟಿ ತುಂಬಿ ಉಜ್ಜುತ್ತಿದ್ದಾರಂತೆ. ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: ‘ಬಣ್ಣ ಕಳಚಬಾರದು ಅಂದಿದ್ರಿ. ಪುಟ್ಟಿ ಕೆರೆದು ಮತ್ತೆ ಹಾಕಿದ್ರೆ ಅದೂ ಲೆಕ್ಕಕ್ಕೆ ಬರುತ್ತಾ ಮೇಡಂ?’

ಎಷ್ಟನೇ ಸಲ ಎಂದು ಕೇಳಿದೆ. ನಕ್ಕು ಹೊರಟರು, ಹೇಳಲಿಲ್ಲ.