ಹಳೆ ಟಾಟಾ ಲಾರಿಯ ಆಯಿಲ್ ಚೇಂಬರ್: ತರುವ ಮುಂಚೆ ಗುಂಡಿ ಯಾವ ಕಡೆ ಇದೆ ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ, ಫೋಟೊಗಳನ್ನೂ ನೋಡಿದೆ. ಸಿಂಧನೂರಿನ ನಿಮ್ಮ ರೈಸ್ ಮಿಲ್ಲಿನಲ್ಲಿ ಅಪ್ಪನ ಕಾಲದ ಟಾಟಾ ಮರ್ಸಿಡಿಸ್ ಲಾರಿ ವರ್ಷಗಟ್ಟಲೆ ನಿಂತಿದೆ. ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ, ಅದರ ತಳ ತುಕ್ಕು ತಿಂದು ಸೋರುತ್ತಿದೆ. ಪುಟ್ಟಿ ಮೆತ್ತಿದರೂ ನಿಲ್ಲಲಿಲ್ಲ. ಗುಜರಿಯಲ್ಲಿ ಇನ್ನೊಂದು ಚೇಂಬರ್ ಸಿಕ್ಕಿದೆ, ಎಂಜಿನ್ ಇಳಿಸದೆ ಅದನ್ನು ಹಾಕಬಹುದಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಎಂಜಿನ್ ಇಳಿಸುವ ಅಗತ್ಯ ಬರೋದಿಲ್ಲ. ಆದರೆ ಫೋಟೊದಲ್ಲಿರುವ ಆ ಚೇಂಬರನ್ನು ನಾನಾಗಿದ್ದರೆ ಹಾಕುವುದಿಲ್ಲ.

ಕಾರಣ ಫೋಟೊದಲ್ಲೇ ಇದೆ. ನಿಮ್ಮ ಚೇಂಬರಿನ ಗುಂಡಿ, ಅಂದರೆ ಆಯಿಲ್ ನಿಲ್ಲುವ ಆಳದ ಭಾಗ, ಹಿಂದೆ ಗೇರ್ ಬಾಕ್ಸ್ ಕಡೆ ಇದೆ. ಗುಜರಿಯದರಲ್ಲಿ ಮುಂದೆ ರೇಡಿಯೇಟರ್ ಕಡೆ ಇದೆ. ಆಯಿಲ್ ಪಂಪಿನ ಸ್ಟ್ರೈನರ್, ಅಂದರೆ ಆಯಿಲ್ ಎಳೆಯುವ ಪೈಪಿನ ತುದಿಯ ಜಾಲರಿ, ಗುಂಡಿಯ ತಳದ ಹತ್ತಿರಕ್ಕೆ ಇಳಿದಿರುತ್ತದೆ. ಗುಂಡಿ ಮುಂದೆ ಹೋಯಿತು, ಸ್ಟ್ರೈನರ್ ಹಿಂದೆಯೇ ಉಳಿಯಿತು ಅಂದರೆ ಚೇಂಬರ್ ಕೂರೋದೇ ಇಲ್ಲ, ತಳಕ್ಕೆ ಸ್ಟ್ರೈನರ್ ತಾಗುತ್ತದೆ. ಆಗ ಮೇಸ್ತ್ರಿ ಏನು ಮಾಡ್ತಾನೆ ಗೊತ್ತಲ್ವಾ? ಸ್ಟ್ರೈನರ್ ಪೈಪ್ ಕತ್ತರಿಸಿ, ಗಿಡ್ಡ ಮಾಡಿ ಕೂರಿಸುತ್ತಾನೆ. ಸಮತಟ್ಟಾದ ಸಿಂಧನೂರಿನ ರಸ್ತೆಯಲ್ಲಿ ಒಂದಷ್ಟು ದಿನ ನಡೆಯಲೂಬಹುದು. ಸಂಡೂರಿನ ಕಡೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಆಯಿಲ್ ಎಲ್ಲ ಮುಂದಕ್ಕೆ ಹರಿದು, ಸ್ಟ್ರೈನರ್ ಗಾಳಿ ಎಳೆಯುತ್ತದೆ. ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಳಗೆ ಬೀಳುತ್ತದೆ, ಬೇರಿಂಗ್ ಒಣಗುತ್ತದೆ. ಪೈಪಿನ ವೆಲ್ಡಿಂಗ್‌ನಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಇದೇ ಗತಿ.

ಇನ್ನೊಂದು ತೊಂದರೆ ಮುಂದಿನ ಆಕ್ಸಲ್. ಖಾಲಿ ಲಾರಿ ನಿಂತಾಗ ಚೇಂಬರಿಗೂ ಆಕ್ಸಲ್‌ಗೂ ನಡುವೆ ಜಾಗ ಇದ್ದ ಹಾಗೆ ಕಾಣುತ್ತದೆ. ಲೋಡ್ ಹಾಕಿ ಹೊಂಡಕ್ಕೆ ಇಳಿಸಿದಾಗ ಸ್ಪ್ರಿಂಗ್ ಪಟ್ಟಿ ಬಗ್ಗುತ್ತದೆ, ಆ ಜಾಗ ಉಳಿಯೋದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಗುಂಡಿ ಹಿಂದೆ ಇರುವ, ನಿಮ್ಮದೇ ಆಕಾರದ ಚೇಂಬರ್ ಸಿಕ್ಕರೆ ತನ್ನಿ. ಸಿಗದಿದ್ದರೆ ನಿಮ್ಮದನ್ನೇ ರಿಪೇರಿ ಮಾಡಿಸಿ. ಮುಂದಿನ ಗುಂಡಿಯದೇ ಹಾಕಬೇಕು ಅಂದರೆ ಆ ಎಂಜಿನ್ನಿನ ಸ್ಟ್ರೈನರ್, ಅದರ ಪೈಪು, ಪೈಪ್ ಹಿಡಿಯುವ ಕ್ಲ್ಯಾಂಪು, ಆಯಿಲ್ ನೋಡುವ ಕಡ್ಡಿ ಎಲ್ಲವೂ ಜೊತೆಗೆ ಬರಬೇಕು. ಅವು ನಿಮ್ಮ ಪಂಪಿಗೆ ಕೂರುತ್ತವಾ ಅನ್ನೋದನ್ನೂ ನೋಡಬೇಕು. ಬರೀ ಚೇಂಬರ್ ತಂದರೆ ಅರ್ಧ ಸಾಮಾನು ತಂದ ಹಾಗೆ.

"ಎರಡೂ ಟಾಟಾನೇ ಅಲ್ವಾ" ಅಂತ ಬರೆದಿದ್ದೀರಿ. ಟಾಟಾ ಮತ್ತು ಮರ್ಸಿಡಿಸ್ ಕಂಪನಿಯ ಒಪ್ಪಂದ 1954ರಿಂದ 1969ರವರೆಗೆ ಇತ್ತು. ನಿಮ್ಮ ಗಾಡಿಯ ಮುಂದೆ ನಕ್ಷತ್ರ ಇದೆ, ಅಂದರೆ ಗಾಡಿ ಆ ಕಾಲದ್ದು. ಎಂಜಿನ್ನೂ ಆ ಕಾಲದ್ದೇ ಅಂತ ಹೇಳೋಕಾಗಲ್ಲ. ಇಷ್ಟು ಹಳೆ ಲಾರಿಗಳಲ್ಲಿ ನಡುವೆ ಎಂಜಿನ್ ಬದಲಾಗಿರೋದು ಮಾಮೂಲಿ. ಆರ್‌ಸಿ ಪುಸ್ತಕ ನಂಬಬೇಡಿ, ಬ್ಲಾಕಿನ ಮೇಲೆ ಒತ್ತಿರುವ ನಂಬರ್ ಉಜ್ಜಿ ನೋಡಿ. 692 ಅಂದರೆ 6 ಸಿಲಿಂಡರ್, 92 ಎಂಎಂ ಬೋರ್ (ಸಿಲಿಂಡರಿನ ಒಳ ಅಗಲ). 697 ಅಂದರೆ 97 ಎಂಎಂ ಬೋರ್. ಅದಕ್ಕೆ ತಕ್ಕ, ಬ್ಲಾಕಿಗೂ ಚೇಂಬರಿಗೂ ನಡುವೆ ಸೋರದಂತೆ ಹಾಕುವ ಹೊಸ ಪ್ಯಾಕಿಂಗ್ ತಂದು, ಗುಜರಿಗೆ ಹೋಗಿ ಆ ಚೇಂಬರಿನ ಮೇಲೆ ಇಟ್ಟು ನೋಡಿ. ಒಂದೇ ಒಂದು ತೂತು ಕೂಡದಿದ್ದರೂ ಬಿಟ್ಟು ಬನ್ನಿ.

ಈಗ ಬಿಚ್ಚುವ ಕೆಲಸ. ಮೊದಲು ಜಾಗ ಬದಲಿಸಿ. ಮಿಲ್ಲಿನ ಅಂಗಳದಲ್ಲಿ ಬೇಡವೇ ಬೇಡ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ವಸ್ತು. ತೆರೆದ ಕ್ರಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಮೇಲೆ ಅದು ಬಿದ್ದರೆ ಬೇರಿಂಗ್ ಉಜ್ಜೋಕೆ ಬೇರೆ ಪುಡಿ ಬೇಕಿಲ್ಲ. ಆಷಾಢದ ಗಾಳಿ ಇದ್ದರೆ ಮೂರು ಕಡೆ ತಾಡಪಾಲು ಕಟ್ಟಿ.

ನೆಲದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನಿಮ್ಮದು ಎರೆ ನೆಲ. ಮೇಲೆ ಗಟ್ಟಿಯಾಗಿ ಕಂಡರೂ ಜಾಕ್ ನಿಧಾನಕ್ಕೆ ಇಳಿಯುತ್ತದೆ. ಜಾಕಿನ ಕೆಳಗೆ ಶಹಾಬಾದ್ ಕಲ್ಲು ಹಾಸುವವರನ್ನು ನೋಡಿದ್ದೇನೆ, ಅದು ಒಂದೇ ಏಟಿಗೆ ಪಟ್ ಅಂತ ಒಡೆಯುತ್ತದೆ. ದಪ್ಪ ಮರದ ತೊಲೆ ಹಾಕಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಾಸಿಸ್ ಎತ್ತಿ ಎರಡೂ ಬದಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ ನಿಂತ ಲಾರಿಯ ಕೆಳಗೆ ಯಾರೂ ತಲೆ ಹಾಕಬಾರದು, ಹುಡುಗರನ್ನಂತೂ ಬಿಡಲೇಬೇಡಿ. ಚಾಸಿಸ್ ಎತ್ತಿದರೆ ಇನ್ನೊಂದು ಲಾಭ ಇದೆ. ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಚೇಂಬರ್ ಜಾರಿಸಲು ಜಾಗ ಸಿಗುತ್ತದೆ.

ಡ್ರೈನ್ ಬೋಲ್ಟ್ ಬಿಚ್ಚಿ ಒಂದು ರಾತ್ರಿ ಬಿಡಿ. ಮೊದಲು ನೀರು ಬಂತಾ ಗಮನಿಸಿ. ತಳ ಒಳಗಿನಿಂದ ತುಕ್ಕು ಹಿಡಿದಿದ್ದರೆ ನೀರು ಕೂತಿತ್ತು ಅಂತಲೇ ಅರ್ಥ. ಅದು ಗಾಳಿಯ ತೇವವಾ, ಹೆಡ್ ಪ್ಯಾಕಿಂಗಿನಿಂದ ಇಳಿದದ್ದಾ ಅನ್ನೋದು ಗೊತ್ತಾಗಬೇಕು. ರೇಡಿಯೇಟರ್ ನೀರು ತಾನಾಗಿ ಕಡಿಮೆ ಆಗುತ್ತಿದ್ದರೆ ಚೇಂಬರ್ ಬದಲಿಸಿ ಪ್ರಯೋಜನ ಇಲ್ಲ, ಮೊದಲು ಹೆಡ್ ನೋಡಿ.

ಬೋಲ್ಟ್ ಬಿಚ್ಚುವಾಗ ನಾಲ್ಕು ಮೂಲೆಯವನ್ನು ಕೊನೆಗೆ ಉಳಿಸಿಕೊಳ್ಳಿ. ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತುರುಕಿ ಎಬ್ಬಬೇಡಿ, ಅಂಚು ಬಗ್ಗುತ್ತದೆ. ತೆಳ್ಳನೆ ಪುಟ್ಟಿ ಬ್ಲೇಡ್ ಸುತ್ತಲೂ ಹಾಯಿಸಿ, ಮರದ ಸುತ್ತಿಗೆಯಿಂದ ಬದಿಗೆ ತಟ್ಟಿ. ಬಿಟ್ಟುಕೊಂಡ ಮೇಲೂ ಹೊರಗೆ ಬರದಿದ್ದರೆ ಕ್ರಾಂಕ್ ತಡೆದಿರುತ್ತದೆ. ಹ್ಯಾಂಡಲ್ ಹಾಕಿ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಇನ್ನೂ ಆಗದಿದ್ದರೆ ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಒಂದು ಕಡೆ ಬಿಚ್ಚಿ. ಅದೂ ಸಾಲದಿದ್ದರೆ ಮಾತ್ರ ಎಂಜಿನ್ ಮೌಂಟಿಂಗ್ ಸಡಿಲಿಸಿ ಒಂದಿಂಚು ಎತ್ತಿ. ಎತ್ತುವಾಗ ಫ್ಯಾನ್ ಹೋಗಿ ರೇಡಿಯೇಟರ್‌ಗೆ ತಾಗದ ಹಾಗೆ ಒಬ್ಬರು ಮುಂದೆ ನಿಂತು ನೋಡುತ್ತಿರಲಿ.

ಚೇಂಬರ್ ಇಳಿದ ಕೂಡಲೇ ತೊಳೆಯಬೇಡಿ. ತಳದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ. ಬೆಳ್ಳನೆ ಮೆತ್ತಗಿನ ಚೂರು ಇದ್ದರೆ ಬೇರಿಂಗ್ ಸವೆದಿದೆ. ಹಳದಿ ಅಥವಾ ತಾಮ್ರದ ಬಣ್ಣ ಕಂಡರೆ ಬುಷ್ ಇರಬಹುದು, ಬೇರಿಂಗಿನ ಮೇಲಿನ ಪದರ ಹೋಗಿ ತಾಮ್ರ ಎದ್ದಿರಲೂಬಹುದು. ಅಯಸ್ಕಾಂತಕ್ಕೆ ಹಿಡಿಯುವ ಚೂರು ಬಂದರೆ ಸುಮ್ನೆ ಮುಚ್ಚಬೇಡಿ, ಫೋಟೊ ಹಾಕಿ. ಕನೆಕ್ಟಿಂಗ್ ರಾಡ್ ಒಂದೊಂದನ್ನೇ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಸ್ವಲ್ಪ ಸರಿಯುವುದು ಸರಿ, ಮೇಲೆ ಕೆಳಗೆ ಆಡಬಾರದು. ಸ್ಟ್ರೈನರ್ ಜಾಲರಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ. ಒರೆಸೋಕೆ ಕಾಟನ್ ವೇಸ್ಟ್ ಬೇಡ, ಅದರ ನೂಲು ಮತ್ತೆ ಜಾಲರಿಗೇ ಹೋಗುತ್ತದೆ. ಹಳೆ ಬನಿಯನ್ ಬಟ್ಟೆ ಒಳ್ಳೆಯದು.

ನಿಮ್ಮದೇ ಚೇಂಬರ್ ರಿಪೇರಿ ಅಂದರೆ, ತುಕ್ಕಿನ ತಳವನ್ನು ಪೂರ್ತಿ ಕತ್ತರಿಸಿ 16 ಗೇಜ್ ತಗಡು ಹಾಕಿಸಿ. ತೂತಿನ ಮೇಲೆ ತೇಪೆ ಹಾಕಿದರೆ ಪಕ್ಕದಲ್ಲಿ ಇನ್ನೊಂದು ತೂತು ಬೀಳುತ್ತದೆ. ಬೆಂಕಿ ತೋರಿಸುವ ಮುಂಚೆ ಎಣ್ಣೆ ಜಿಡ್ಡು ಇಲ್ಲದ ಹಾಗೆ ತೊಳೆದು ಒಣಗಿಸಿರಬೇಕು. ವೆಲ್ಡಿಂಗ್ ಮುಗಿದ ಮೇಲೆ ಹೊರಗಡೆ ಸುಣ್ಣ ಬಳಿದು ಒಣಗಿಸಿ, ಒಳಗೆ ಡೀಸೆಲ್ ಹಾಕಿ ರಾತ್ರಿ ಇಡಿ. ಎಲ್ಲಾದರೂ ಜಿನುಗಿದರೆ ಸುಣ್ಣದ ಮೇಲೆ ಕಪ್ಪಗೆ ಕಾಣುತ್ತದೆ. ಕಾವಿಗೆ ಅಂಚು ತಿರುಚಿರುತ್ತದೆ, ಚಪ್ಪಟೆ ಗ್ರಾನೈಟ್ ಮೇಲೆ ಬೋರಲು ಇಟ್ಟು ಸಂದು ನೋಡಿ. ಹಿಂದಿನವರು ಜಾಸ್ತಿ ಬಿಗಿದು ಬೋಲ್ಟ್ ತೂತುಗಳ ಸುತ್ತ ತಗಡು ಉಬ್ಬಿರುತ್ತದೆ. ಅದನ್ನೂ ತಟ್ಟಿ ಸಮ ಮಾಡಬೇಕು. ಹೊಸ ಪ್ಯಾಕಿಂಗ್ ಹಾಕಿದರೂ ಸೋರೋದು ಬಹಳ ಸಲ ಇದರಿಂದಲೇ.

ಬೇರೆ ಚೇಂಬರ್ ಆಗಲಿ, ತಳ ಬದಲಿಸಿದ್ದಾಗಲಿ, ಒಮ್ಮೆ ಸುಮ್ನೆ ಕೂರಿಸಿ ಅಳೆಯಿರಿ. ಸ್ಟ್ರೈನರ್ ಕೆಳಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಪ್ಯಾಕಿಂಗ್ ಇಟ್ಟು, ನಾಲ್ಕು ಬೋಲ್ಟ್ ಹಾಕಿ ಬಿಚ್ಚಿ. ಒತ್ತಿದ ಹಿಟ್ಟು 6ರಿಂದ 10 ಎಂಎಂ ದಪ್ಪ ಇದ್ದರೆ ಸರಿ. ಅದಕ್ಕಿಂತ ತೆಳ್ಳಗಿದ್ದರೆ ಆಯಿಲ್ ಎಳೆಯಲು ಕಷ್ಟ. ತೀರಾ ದಪ್ಪ ಇದ್ದರೆ ಗಾಳಿ ಎಳೆಯುವ ಭಯ. ಹಿಟ್ಟನ್ನು ಮಾತ್ರ ಚೂರೂ ಬಿಡದೆ ತೆಗೆಯಿರಿ.

ಕಾರ್ಕ್ ಪ್ಯಾಕಿಂಗ್ ಜಾರದಿರಲು ಕೆಲವು ತೂತುಗಳಲ್ಲಿ ನೂಲು ಕಟ್ಟಿ. ಸಿಲಿಕಾನ್ ಬೇಕಿರೋದು ಮುಂದಿನ ಹಿಂದಿನ ಮೂಲೆಗಳ ಕೂಡಿಗೆ ಮಾತ್ರ, ಅದೂ ಚಿಟಿಕೆಯಷ್ಟು. ಸುತ್ತಲೂ ಬಳಿದರೆ ಒಳಗೆ ಉಬ್ಬಿದ್ದು ಕಳಚಿ ಸ್ಟ್ರೈನರ್‌ಗೆ ಹೋಗಿ ಕೂರುತ್ತದೆ. ಗಿಡ್ಡ ಸ್ಪ್ಯಾನರ್ ಹಿಡಿದು, ನಡುವಿನಿಂದ ಶುರು ಮಾಡಿ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಕಾರ್ಕ್ ಹೊರಗೆ ಇಣುಕಿತು ಅಂದರೆ ಜಾಸ್ತಿ ಆಯಿತು. ಎಂಜಿನ್ ಒಮ್ಮೆ ಬಿಸಿಯಾಗಿ ಆರಿದ ಮೇಲೆ ಇನ್ನೊಂದು ಸುತ್ತು ನೋಡಿ.

ನಮ್ಮ ಕಡೆಯ ಬಿಸಿಲಿಗೆ 15ಡಬ್ಲ್ಯೂ40 ಡೀಸೆಲ್ ಆಯಿಲ್ ಸಾಕು. ಫಿಲ್ಟರ್ ಹೊಸದು ಹಾಕಿ. ಚೇಂಬರ್ ಬೇರೆಯದಾದರೆ ಹಳೆ ಕಡ್ಡಿಯ ಗುರುತು ಸುಳ್ಳು. ಆ ಎಂಜಿನ್ನಿನ ಪುಸ್ತಕ ಹೇಳಿದಷ್ಟು ಲೀಟರ್ ಅಳೆದು ಹಾಕಿ, ಒಮ್ಮೆ ಓಡಿಸಿ, ನಿಲ್ಲಿಸಿ, ಆಯಿಲ್ ಇಳಿದ ಮೇಲೆ ಕಡ್ಡಿಗೆ ಹೊಸ ಗುರುತು ಮಾಡಿ. ಜಾಸ್ತಿ ತುಂಬಿದರೆ ಕ್ರಾಂಕ್ ಬಡಿದು ನೊರೆ ಏಳುತ್ತದೆ. ಸ್ಟಾರ್ಟ್ ಮಾಡುವ ಮುಂಚೆ, ಎಂಜಿನ್ ಹತ್ತದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದು ಸೆಲ್ಫ್ ಹೊಡೆಯಿರಿ, ನಡುನಡುವೆ ಸೆಲ್ಫ್‌ಗೆ ಬಿಡುವು ಕೊಡಿ. ಆಯಿಲ್ ಮೀಟರ್ ಮುಳ್ಳು ಎದ್ದ ಮೇಲೆಯೇ ಕೇಬಲ್ ಬಿಡಿ. ಹಳೆ ಕೆಸರು ಹೊಸ ಆಯಿಲ್‌ಗೆ ಕರಗಿ ಬರುತ್ತದೆ, ಹಾಗಾಗಿ ಮೊದಲ ಆಯಿಲನ್ನು ಬೇಗ ಬದಲಿಸಿ.

ಗುಜರಿಯವನಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಕೊಡುವ ಮುಂಚೆ ಆ ಎಂಜಿನ್ನಿನ ಪಂಪು, ಸ್ಟ್ರೈನರ್ ಅವನ ಹತ್ತಿರ ಇವೆಯಾ ಕೇಳಿ, ಬ್ಲಾಕ್ ನಂಬರಿನ ಫೋಟೊ ಇಲ್ಲಿ ಹಾಕಿ.