ಸವಣೂರಿನ ಮಾರಾಟ ಕಡಬದಲ್ಲಿ ಕಂಡರೆ: ಪವರ್ ಬಿಐ ನಕ್ಷೆಯ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಹತ್ತಿರದ ಬೀಜ-ಗೊಬ್ಬರದ ಸಗಟು ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಅಂಕಿಗಳಿಂದ ಚಾರ್ಟ್, ನಕ್ಷೆ ಮಾಡುವ ಮೈಕ್ರೋಸಾಫ್ಟ್ ತಂತ್ರಾಂಶ ಪವರ್ ಬಿಐನಲ್ಲಿ ತಾಲ್ಲೂಕುವಾರು ಮಾರಾಟವನ್ನು ನಕ್ಷೆಗೆ ಹಾಕಿದೆ. ಸವಣೂರಿನ ಚುಕ್ಕೆ ದಕ್ಷಿಣ ಕನ್ನಡದಲ್ಲಿ ಬಂದಿದೆ. ಇನ್ನೊಂದು ಚುಕ್ಕೆ ಆಫ್ರಿಕಾದ ಪಕ್ಕ ಸಮುದ್ರದಲ್ಲಿದೆ. ಇದನ್ನು ನೋಡಿ ಮಾಲೀಕರಿಗೆ ಅಂಕಿಗಳ ಮೇಲೇ ಅನುಮಾನ ಬಂದಿದೆ. ಎಲ್ಲಿ ತಪ್ಪಾಗಿದೆ?

ಉತ್ತರ: ಸದ್ಯಕ್ಕೆ ನಕ್ಷೆಯ ಸೆಟ್ಟಿಂಗ್ ಮುಟ್ಟಬೇಡಿ. ಅದೇ ಪುಟದಲ್ಲಿ ಪಕ್ಕಕ್ಕೆ ಒಂದು ಟೇಬಲ್ ಇಟ್ಟು, ನಕ್ಷೆಗೆ ಹಾಕಿದ ಕಾಲಂಗಳನ್ನೇ ಅದಕ್ಕೂ ಹಾಕಿ. ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಪವರ್ ಬಿಐಗೆ ಸವಣೂರು ಎಲ್ಲಿದೆ ಅಂತ ಗೊತ್ತಿಲ್ಲ. ನೀವು ಕೊಟ್ಟ ಹೆಸರನ್ನು ಅದು ಮೈಕ್ರೋಸಾಫ್ಟ್‌ನದೇ ಆದ ಬಿಂಗ್ ನಕ್ಷೆ ಸೇವೆಗೆ ಕಳಿಸಿ ಜಾಗ ಕೇಳುತ್ತದೆ. ಹಾವೇರಿ ಜಿಲ್ಲೆಯಲ್ಲಿ ಒಂದು ಸವಣೂರು, ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನಲ್ಲಿ ಇನ್ನೊಂದು ಸವಣೂರು. ಊರಿನ ಹೆಸರಷ್ಟೇ ಬರೆದು ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ ಆಗಿದೆ. ತಾಲ್ಲೂಕು, ಜಿಲ್ಲೆ, ಕರ್ನಾಟಕ, ಇಂಡಿಯಾ ಎಲ್ಲವನ್ನೂ ಅಲ್ಪವಿರಾಮ ಹಾಕಿ ಜೋಡಿಸಿದ ಹೊಸ ಕಾಲಂ ಮಾಡಿ. ಆ ಕಾಲಂನ ‘ಡೇಟಾ ಕೆಟಗರಿ’ಯಲ್ಲಿ ‘ಪ್ಲೇಸ್’ ಆರಿಸಿ. ಅರ್ಧ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಕಣ್ಣಿಗೆ ಬೀಳದ ತಪ್ಪಿನ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ. ನಮ್ಮ ಊರಿನ ಹೆಸರು ಇಂಗ್ಲಿಷ್‌ನಲ್ಲೂ ‘ಹುಬ್ಬಳ್ಳಿ’ ಆಗಿದ್ದು 2014ರ ನವೆಂಬರ್ 1ಕ್ಕೆ. ಹಳೆಯ ಗ್ರಾಹಕರ ಪಟ್ಟಿಯಲ್ಲಿ ಇನ್ನೂ ‘ಹುಬ್ಲಿ’ ಅಂತಲೇ ಇರುತ್ತದೆ. ಬಿಂಗ್ ಎರಡನ್ನೂ ಗುರುತು ಹಿಡಿದರೆ ಒಂದೇ ಊರಿಗೆ ಒಂದರ ಮೇಲೊಂದು ಎರಡು ಚುಕ್ಕೆ ಕೂರುತ್ತವೆ. ಮಾರಾಟ ಎರಡು ಪಾಲಾಗಿರುತ್ತದೆ. ನಕ್ಷೆ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ. ರಾಣೆಬೆನ್ನೂರು, ಲಕ್ಷ್ಮೇಶ್ವರ, ಕಲಘಟಗಿ ಹೆಸರುಗಳನ್ನೂ ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅಲ್ವಾ? ಸಮುದ್ರಕ್ಕೆ ಬಿದ್ದ ಚುಕ್ಕೆಯನ್ನು ಮಾಲೀಕರೇ ಹಿಡಿದರು. ಇದನ್ನು ಯಾರೂ ಹಿಡಿಯುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ತಾಲ್ಲೂಕುಗಳಿಗೆ ಒಂದು ಮಾಸ್ಟರ್ ಟೇಬಲ್ ಮಾಡಿ. ಧಾರವಾಡ, ಗದಗ, ಹಾವೇರಿ ಮೂರೂ ಸೇರಿದರೆ ಇಪ್ಪತ್ತು ಚಿಲ್ಲರೆ ಸಾಲು, ಅಷ್ಟೇ. ತಾಲ್ಲೂಕಿಗೊಂದು ಕೋಡ್, ಒಂದೇ ಹೆಸರು, ಜೊತೆಗೆ ಅಕ್ಷಾಂಶ ಮತ್ತು ರೇಖಾಂಶ. ಬಿಲ್ಲುಗಳನ್ನು ಕೋಡ್ ಮೂಲಕ ಇದಕ್ಕೆ ಜೋಡಿಸಿ. ಅಕ್ಷಾಂಶ-ರೇಖಾಂಶ ಕೊಟ್ಟ ಮೇಲೆ ಬಿಂಗ್ ಊಹೆ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಅಕ್ಷಾಂಶ-ರೇಖಾಂಶ ಹಾಕುವಾಗಲೂ ಎಚ್ಚರ ಬೇಕು. ಹುಬ್ಬಳ್ಳಿಗೆ ಅಕ್ಷಾಂಶ ಸುಮಾರು 15.36, ರೇಖಾಂಶ 75.12. ಇವು ಅದಲು ಬದಲಾದರೆ ಚುಕ್ಕೆ ನಾರ್ವೆಗೂ ಉತ್ತರಕ್ಕೆ, ಕೊರೆಯುವ ಸಮುದ್ರಕ್ಕೆ ಹೋಗುತ್ತದೆ. ಖಾಲಿ ಜಾಗದಲ್ಲಿ ಸೊನ್ನೆ ತುಂಬಿದ್ದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಗೆ ಬೀಳುತ್ತದೆ. ನಿಮ್ಮ ಎರಡನೇ ಚುಕ್ಕೆಯ ಕಥೆ ಇದೇ ಇರಬೇಕು, ಮೊದಲು ಅದನ್ನೇ ನೋಡಿ. ಸೊನ್ನೆ ತೆಗೆದು ಖಾಲಿ ಬಿಡಿ. ಜಾಗ ಸಿಗದ ಬಿಲ್ಲುಗಳ ಒಟ್ಟು ಮೊತ್ತವನ್ನು ನಕ್ಷೆಯ ಕೆಳಗೆ ಬೇರೆಯಾಗಿ ತೋರಿಸಿ. ಇಲ್ಲದಿದ್ದರೆ ಆ ಹಣ ವರದಿಯಿಂದ ಸದ್ದಿಲ್ಲದೆ ಮಾಯವಾಗುತ್ತದೆ.

ಇನ್ನೊಂದು ವಿಷಯ. ಪವರ್ ಬಿಐ ಸಂಖ್ಯೆ ಕಂಡರೆ ಕೂಡಿಸಲು ನೋಡುತ್ತದೆ. ಬಿಲ್ಲಿನ ಟೇಬಲ್‌ನಲ್ಲೇ ಅಕ್ಷಾಂಶ-ರೇಖಾಂಶ ಇದ್ದು, ಹುಬ್ಬಳ್ಳಿಗೆ ಎರಡು ಬಿಲ್ ಇದ್ದರೆ ಅವು 30.72 ಮತ್ತು 150.24 ಆಗುತ್ತವೆ. ಚುಕ್ಕೆ ಜಪಾನಿನ ಆಚೆ ಪೆಸಿಫಿಕ್ ಸಾಗರದಲ್ಲಿರುತ್ತದೆ! ಮೂರು ಬಿಲ್ ಆದರೆ ರೇಖಾಂಶ 180 ದಾಟುತ್ತದೆ, ಅಂಥ ಜಾಗ ಭೂಮಿಯ ಮೇಲೇ ಇಲ್ಲ. ಎರಡೂ ಕಾಲಂಗೆ ‘ಡೋಂಟ್ ಸಮರೈಸ್’ (ಕೂಡಿಸಬೇಡ) ಆರಿಸಿ.

ಪ್ರಶ್ನೆ: ಗದಗದಿಂದ ಬರೆಯುತ್ತಿದ್ದೇನೆ. ಪವರ್ ಬಿಐನ ಶೇಪ್ ಮ್ಯಾಪ್‌ಗೆ (ಗಡಿಗಳೊಳಗೆ ಬಣ್ಣ ತುಂಬುವ ನಕ್ಷೆ) ಜಿಲ್ಲೆಗಳ ಗಡಿಯ ಫೈಲ್ ಹಾಕಿದರೆ ಧಾರವಾಡ ತುಂಬಾ ದೊಡ್ಡದಾಗಿ ಕಾಣುತ್ತದೆ. ಗದಗ, ಹಾವೇರಿ ಇಲ್ಲವೇ ಇಲ್ಲ.

ಉತ್ತರ: ನಿಮ್ಮ ಫೈಲ್ ಹಳೆಯದು. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ. ನಿಮ್ಮ ಫೈಲಿನಲ್ಲಿ ಅದಕ್ಕಿಂತ ಹಿಂದಿನ ಗಡಿಗಳಿವೆ. ಹೊಸ ಫೈಲ್ ತಂದಾಗ ಅದರಲ್ಲಿ ವಿಜಯನಗರ ಇದೆಯಾ ನೋಡಿ. ಅದು ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ. ಅದು ಸೇರಿ 31 ಜಿಲ್ಲೆ ಇದ್ದರೆ ಬಳಸಬಹುದು. ಫೈಲಿನಲ್ಲಿರುವ ಹೆಸರಿಗೂ ನಿಮ್ಮ ಟೇಬಲ್‌ನ ಹೆಸರಿಗೂ ಒಂದಕ್ಷರ ಹೆಚ್ಚುಕಮ್ಮಿ ಆದರೂ ಆ ಜಿಲ್ಲೆಗೆ ಬಣ್ಣ ಬರುವುದಿಲ್ಲ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ವರದಿ ಮಾಡುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ನಕ್ಷೆ ಕಾಣುತ್ತದೆ. ಆನ್‌ಲೈನ್‌ಗೆ ಹಾಕಿದ ಮೇಲೆ ಮಾತ್ರ ಕಾಣುವುದಿಲ್ಲ.

ಉತ್ತರ: ನಿಮ್ಮ ಕಂಪನಿಯ ಪವರ್ ಬಿಐ ಅಡ್ಮಿನ್‌ಗೆ ಕೇಳಿ. ಇಡೀ ಕಂಪನಿಗೆ ಅನ್ವಯಿಸುವ ಟೆನೆಂಟ್ ಸೆಟ್ಟಿಂಗ್ಸ್‌ನಲ್ಲಿ ನಕ್ಷೆಗೆ ಅನುಮತಿ ಕೊಡುವ ಒಂದು ಆಯ್ಕೆ ಇದೆ. ಅದು ಆಫ್ ಆಗಿದ್ದರೆ ನೀವು ಏನು ಮಾಡಿದರೂ ನಕ್ಷೆ ಬರದು. ನಿಮ್ಮ ಕಂಪ್ಯೂಟರಿನ ಆಯ್ಕೆಯೇ ಬೇರೆ, ಅದು ಆಪ್ಶನ್ಸ್‌ನ ಸೆಕ್ಯೂರಿಟಿ ಭಾಗದಲ್ಲಿರುತ್ತದೆ.

ಅಡ್ಮಿನ್ ಅದನ್ನು ಸುಮ್ನೆ ಆಫ್ ಮಾಡಿರುವುದಿಲ್ಲ. ನಕ್ಷೆಗೆ ಹಾಕಿದ ಜಾಗದ ಹೆಸರುಗಳು ಕಂಪನಿಯ ಹೊರಗಿನ ಸೇವೆಗೆ ಹೋಗುತ್ತವೆ. ನಿಮ್ಮ ಪಟ್ಟಿಯಲ್ಲಿ ರೈತರ ಮನೆ ವಿಳಾಸ ಇದ್ದರೆ ದಯವಿಟ್ಟು ಅದನ್ನು ನಕ್ಷೆಗೆ ಹಾಕಬೇಡಿ. ನಂಬಿ ಕೊಟ್ಟ ವಿಳಾಸ ಅದು, ತಾಲ್ಲೂಕಿನ ಮಟ್ಟಕ್ಕೇ ನಿಲ್ಲಿಸಿ. ಬರೀ ತಾಲ್ಲೂಕಿನ ಹೆಸರು ಹೋಗುತ್ತದೆ ಅಂತ ಗೊತ್ತಾದರೆ ಅಡ್ಮಿನ್ ಒಪ್ಪುವ ಸಾಧ್ಯತೆಯೂ ಜಾಸ್ತಿ. ಅಷ್ಟಾದರೂ ಒಪ್ಪದಿದ್ದರೆ ತಾಲ್ಲೂಕುಗಳನ್ನು ಮಾರಾಟದ ಕ್ರಮದಲ್ಲಿ ಜೋಡಿಸಿ ಒಂದು ಬಾರ್ ಚಾರ್ಟ್ ಮಾಡಿ. ಬ್ಯಾಡಗಿಗೂ ಹಿರೇಕೆರೂರಿಗೂ ಇರುವ ವ್ಯತ್ಯಾಸ ಚುಕ್ಕೆಗಿಂತ ಅದರಲ್ಲೇ ಬೇಗ ತಿಳಿಯುತ್ತದೆ.