ಒಂದಕ್ಕೆ ಐವತ್ತು ಕೊಡುವ ಕುದುರೆಯನ್ನು ನಂಬಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲಿರುವ ಓದುಗರದ್ದು. ಎಲ್ಲವೂ ಬೇಲಿ ಹಾರುವ ಕುದುರೆ ರೇಸಿನ ಬಗ್ಗೆ, ಅದರಲ್ಲೂ ಲಿವರ್‌ಪೂಲ್‌ನ ಏಂಟ್ರಿಯಲ್ಲಿ ಏಪ್ರಿಲ್‌ನಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಬಗ್ಗೆ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಆಫೀಸಿನಲ್ಲಿ ಎಲ್ಲರೂ ಗ್ರ್ಯಾಂಡ್ ನ್ಯಾಷನಲ್‌ಗೆ ಬೆಟ್ ಕಟ್ಟುತ್ತಾರೆ. ಫೇವರಿಟ್ (ಗೆಲ್ಲುತ್ತದೆ ಅಂತ ಹೆಚ್ಚು ಜನ ನಂಬಿದ ಕುದುರೆ) ಗೆದ್ದರೆ ಬರುವುದು ಸ್ವಲ್ಪ. ಒಂದಕ್ಕೆ 40, 50 ಕೊಡುವ ಕುದುರೆಗಳಲ್ಲಿ ಒಳ್ಳೆಯದನ್ನು ಹುಡುಕುವುದು ಹೇಗೆ ಸರ್?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. 2024ರಿಂದ ಈ ರೇಸಿನಲ್ಲಿ ಓಡುವುದು ಹೆಚ್ಚೆಂದರೆ 34 ಕುದುರೆ. ಅದಕ್ಕೂ ಮೊದಲು 40 ಓಡುತ್ತಿದ್ದವು. 34 ಕುದುರೆಗಳೂ ಸರಿಸಮ ಅಂತ ಇಟ್ಟುಕೊಳ್ಳಿ, ಆಗ ಪ್ರತಿಯೊಂದಕ್ಕೂ ನ್ಯಾಯವಾದ ಆಡ್ಸ್ (ಗೆದ್ದರೆ ಕಟ್ಟಿದ್ದರ ಎಷ್ಟು ಪಟ್ಟು ಲಾಭ ಅನ್ನುವುದು, ಕಟ್ಟಿದ್ದು ಬೇರೆ ವಾಪಸ್) ಒಂದಕ್ಕೆ 33. ಅಂದರೆ ಇಲ್ಲಿ 33ರ ಕುದುರೆ ಅಂದರೆ ಸಾಧಾರಣ ಕುದುರೆ, ಅಷ್ಟೇ. ಎಂಟು ಕುದುರೆ ಓಡುವ ರೇಸಿನಲ್ಲಿ 33 ಸಿಕ್ಕರೆ ಅದರ ಅರ್ಥವೇ ಬೇರೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಅರ್ಧ ಕೆಲಸ ಆದಂತೆ.

ಇನ್ನರ್ಧ ಕೆಲಸ ಒಂದೇ ಪ್ರಶ್ನೆಯಲ್ಲಿದೆ. ಈ ಕುದುರೆಗೆ ಇಷ್ಟು ದೊಡ್ಡ ಆಡ್ಸ್ ಯಾಕೆ ಕೊಡುತ್ತಿದ್ದಾರೆ? ಕಾರಣ ಇದ್ದೇ ಇರುತ್ತದೆ. ಹೆಚ್ಚಿನ ಸಲ ಕಾರಣ ಸರಿಯಾಗಿಯೂ ಇರುತ್ತದೆ: ಕುದುರೆ ನಿಧಾನ, ವಯಸ್ಸಾಗಿದೆ, ಹಾರಲು ಬರುವುದಿಲ್ಲ. ಅಂಥದ್ದನ್ನು ಬಿಟ್ಟುಬಿಡಿ. ನಿಮಗೆ ಬೇಕಾದದ್ದು, ಕಾರಣ ನಿಜವೇ ಆಗಿದ್ದು ಇವತ್ತಿನ ರೇಸಿಗೆ ಮಾತ್ರ ಅದು ಅನ್ವಯಿಸದ ಕುದುರೆ.

2013ರ ಅರೋರಾಸ್ ಎನ್‌ಕೋರ್ ನೋಡಿ. ಆ ಚಳಿಗಾಲದ ಅದರ ಓಟಗಳು ಸಪ್ಪೆಯಾಗಿದ್ದವು, ಹಾಗಾಗಿ ಒಂದಕ್ಕೆ 66. ಆದರೆ ಹಿಂದಿನ ಏಪ್ರಿಲ್‌ನಲ್ಲಿ, ಏರ್ ಅನ್ನುವ ಊರಿನಲ್ಲಿ ನಡೆದ ಸ್ಕಾಟಿಷ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಅದೇ ಕುದುರೆ ತಲೆಯಷ್ಟು ಅಂತರದಲ್ಲಿ ಎರಡನೆಯದಾಗಿತ್ತು. ಅದೂ ಸುಮಾರು ನಾಲ್ಕು ಮೈಲಿಯ ರೇಸು. ಚಳಿಗಾಲದ ಕೆಸರು ನೆಲ ಅದಕ್ಕೆ ಒಗ್ಗುತ್ತಿರಲಿಲ್ಲ. ಏಪ್ರಿಲ್ ಬಂತು, ನೆಲ ಒಣಗಿತು, ಸೋತು ಸೋತು ಹೊರುವ ತೂಕವೂ ಇಳಿದಿತ್ತು (ಈ ರೇಸಿನಲ್ಲಿ ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ), ಕುದುರೆ ಒಂಬತ್ತು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದಿತು. ಒಂದು ವರ್ಷ ಹಿಂದಕ್ಕೆ ಹೋಗಿ ಓದಿದವರಿಗೆ ಇದೆಲ್ಲ ಕಾಗದದ ಮೇಲೇ ಇತ್ತು. ಕೊನೆಯ ಮೂರು ಓಟ ಮಾತ್ರ ನೋಡಿದವರಿಗೆ ಕಾಣಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ದೊಡ್ಡ ಆಡ್ಸ್ ಇರುವ ಎಲ್ಲ ಕುದುರೆಗಳ ಹಳೆಯ ದಾಖಲೆ ತೆಗೆಯಿರಿ, ಅದರ ಅತಿ ಒಳ್ಳೆಯ ಓಟ ಯಾವುದು, ಅದು ಎಷ್ಟು ದೂರದ ರೇಸು, ನೆಲ ಹೇಗಿತ್ತು, ಎಷ್ಟು ಕುದುರೆಗಳ ಜೊತೆ ಓಡಿತ್ತು, ಆಗ ಎಷ್ಟು ತೂಕ ಹೊತ್ತಿತ್ತು ಅಂತ ಬರೆದುಕೊಳ್ಳಿ, ಆಮೇಲೆ ಇವತ್ತಿನ ಸ್ಥಿತಿ ಅದಕ್ಕೆ ಹತ್ತಿರ ಇದೆಯಾ ಅಂತ ನೋಡಿ. ಹತ್ತಿರ ಇದ್ದರೆ ಮಾತ್ರ ಮುಂದಿನ ಮಾತು. 34ರಲ್ಲಿ ಎರಡೋ ಮೂರೋ ಉಳಿಯುತ್ತವೆ. ಕೆಲವು ವರ್ಷ ಒಂದೂ ಉಳಿಯುವುದಿಲ್ಲ. ಆಗ ಸುಮ್ನೆ ರೇಸ್ ನೋಡಿ, ಅದೂ ಚೆನ್ನಾಗಿರುತ್ತದೆ.

ಪ್ರಶ್ನೆ: ನ್ಯಾಷನಲ್ ಅಂದರೆ ಲಾಟರಿ, ಮುಂದಿರುವ ಕುದುರೆಗಳೆಲ್ಲ ಬಿದ್ದು ಹಿಂದಿನದು ಗೆಲ್ಲುತ್ತದೆ ಅಂತ ನನ್ನ ಮಾವ ಹೇಳುತ್ತಾರೆ. ಹೌದಾ?

ಉತ್ತರ: ಒಂದು ಕಾಲದಲ್ಲಿ ನಿಮ್ಮ ಮಾವನವರ ಮಾತು ನಿಜವಾಗಿತ್ತು. 1928ರಲ್ಲಿ 42 ಕುದುರೆ ಹೊರಟು ಕೊನೆ ಮುಟ್ಟಿದ್ದು ಎರಡೇ, ಗೆದ್ದ ಟಿಪ್ಪರರಿ ಟಿಮ್‌ಗೆ ಒಂದಕ್ಕೆ 100 ಇತ್ತು. 1967ರಲ್ಲಿ ಜಾಕಿ ಇಲ್ಲದೆ ಓಡುತ್ತಿದ್ದ ಕುದುರೆಯೊಂದು 23ನೇ ಬೇಲಿಯ ಮುಂದೆ ಅಡ್ಡ ಬಂತು. ಹಿಂದಿದ್ದವೆಲ್ಲ ಒಂದರ ಮೇಲೊಂದು ರಾಶಿಯಾದವು. ತುಂಬ ಹಿಂದಿದ್ದ ಫೊಯ್‌ನಾವನ್‌ಗೆ ದಾರಿ ಸಿಕ್ಕಿತು, ಗೆದ್ದೂ ಬಿಟ್ಟಿತು, ಅದಕ್ಕೂ 100. ಆ ಬೇಲಿಗೆ ಈಗಲೂ ಅದರದೇ ಹೆಸರು.

ಆದರೆ ಆ ರೇಸೇ ಈಗ ಇಲ್ಲ. 2013ರ ಹೊತ್ತಿಗೆ ಬೇಲಿಗಳ ಒಳಗಿನ ಮರದ ಚೌಕಟ್ಟು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2024ರಲ್ಲಿ ಕುದುರೆಗಳ ಸಂಖ್ಯೆ ಇಳಿಸಿದರು, ವೇಗ ಏರದಂತೆ ಮೊದಲ ಬೇಲಿಯನ್ನು ಹೊರಡುವ ಜಾಗಕ್ಕೆ ಹತ್ತಿರ ತಂದರು, ಒಳಗೆ ಬರಲು ಬೇಕಾದ ಕನಿಷ್ಠ ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) 125ರಿಂದ 130ಕ್ಕೆ ಏರಿಸಿದರು. ಆ ವರ್ಷ ಓಡಿದ 32ರಲ್ಲಿ 21 ಕೊನೆ ಮುಟ್ಟಿದವು. ಇದು ಕುದುರೆಗಳಿಗೂ ಜಾಕಿಗಳಿಗೂ ಒಳ್ಳೆಯದಾಯಿತು, ನನಗೆ ನಿಜಕ್ಕೂ ಸಮಾಧಾನ. ಬೆಟ್ ಕಟ್ಟುವವರು ಮಾತ್ರ ಲೆಕ್ಕ ಬದಲಿಸಿಕೊಳ್ಳಬೇಕು. ಉಳಿದವೆಲ್ಲ ಬೀಳುತ್ತವೆ, ನನ್ನದು ನಿಂತುಕೊಳ್ಳುತ್ತದೆ ಅನ್ನುವ ಆಸೆಗೆ ಈಗ ಬೆಲೆ ಕಡಿಮೆ. ಇಪ್ಪತ್ತು ಕುದುರೆಗಳನ್ನು ಓಡಿಯೇ ಸೋಲಿಸಬೇಕು.

ಪ್ರಶ್ನೆ: ಕಡಿಮೆ ತೂಕ ಹೊತ್ತ ಕುದುರೆಗೆ ಅನುಕೂಲ ಜಾಸ್ತಿ ಅಲ್ವಾ? ಹಾಗಾದರೆ ಪಟ್ಟಿಯ ಕೊನೆಯಿಂದ ಹುಡುಕಿದರೆ ಸಾಕಲ್ಲ?

ಉತ್ತರ: ಹ್ಯಾಂಡಿಕ್ಯಾಪ್ ಅಂದರೆ ಅದೇ: ಒಳ್ಳೆಯ ಕುದುರೆಗೆ ಜಾಸ್ತಿ ತೂಕ, ಸಾಧಾರಣದ್ದಕ್ಕೆ ಕಡಿಮೆ. ಮೂರು ಮೈಲಿಯ ರೇಸಿನಲ್ಲಿ ಒಂದು ಪೌಂಡ್ ತೂಕಕ್ಕೆ ಸುಮಾರು ಒಂದು ಲೆಂತ್ ಅಂತ ಲೆಕ್ಕ ಹಾಕುತ್ತಾರೆ. ತೂಕ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಬೇಕಿದ್ದರೆ 1973ರ ರೇಸ್ ನೋಡಿ. ಕ್ರಿಸ್ಪ್ 12 ಸ್ಟೋನ್ (ಒಂದು ಸ್ಟೋನ್ ಅಂದರೆ 14 ಪೌಂಡ್) ಹೊತ್ತು ಹೆಚ್ಚಿನ ಬೇಲಿಗಳನ್ನು ಮುಂದೆ ನಿಂತೇ ದಾಟಿತು, ಅದಕ್ಕಿಂತ 23 ಪೌಂಡ್ ಕಡಿಮೆ ಹೊತ್ತ ರೆಡ್ ರಮ್ ಕೊನೆಯ ಗಳಿಗೆಯಲ್ಲಿ ಮುಕ್ಕಾಲು ಲೆಂತ್‌ನಿಂದ ಗೆದ್ದಿತು. ಕ್ರಿಸ್ಪ್ ಕಾಲು ಸೋತು ಅತ್ತಿತ್ತ ವಾಲುವುದನ್ನು ಈಗಲೂ ನೋಡಲಾಗುವುದಿಲ್ಲ, ಅಷ್ಟು ಸಂಕಟ ಆಗುತ್ತದೆ.

ಆದರೂ ಕಡಿಮೆ ತೂಕ ಅನ್ನುವುದೇ ಗುಣ ಅಲ್ಲ. ಹ್ಯಾಂಡಿಕ್ಯಾಪರ್ (ತೂಕ ನಿಗದಿ ಮಾಡುವವರು) ಸರಿಯಾಗಿ ಅಳೆದಿದ್ದರೆ ಯಾರಿಗೂ ಅನುಕೂಲ ಇಲ್ಲ. ನೀವು ಹುಡುಕಬೇಕಾದದ್ದು ಅವರ ಅಳತೆ ಹಳೆಯದಾಗಿರುವ ಜಾಗ. ಈ ರೇಸಿಗೆ ತೂಕವನ್ನು ಫೆಬ್ರವರಿಯಲ್ಲೇ ಪ್ರಕಟಿಸುತ್ತಾರೆ, ಆಮೇಲೆ ಕುದುರೆ ಎಲ್ಲೇ ಗೆದ್ದರೂ ಹೆಚ್ಚುವರಿ ತೂಕ ಹೇರುವುದಿಲ್ಲ. 2023ರಲ್ಲಿ ಕೊರಾಕ್ ರ‍್ಯಾಂಬ್ಲರ್ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಅಲ್ಟಿಮಾ ರೇಸು ಗೆದ್ದು ಹಳೆಯ ತೂಕದಲ್ಲೇ ಏಂಟ್ರಿಗೆ ಬಂತು. ಅದನ್ನು ಎಲ್ಲರೂ ಗಮನಿಸಿದ್ದರು, ಹಾಗಾಗಿ ಅದು ಫೇವರಿಟ್ ಆಗಿಯೇ ಗೆದ್ದಿತು. 2025ರಲ್ಲಿ ಗೆದ್ದ ನಿಕ್ ರಾಕೆಟ್ ಕಥೆ ಇನ್ನೂ ಸ್ವಾರಸ್ಯ. ಜನವರಿಯಲ್ಲಿ ಗೌರನ್ ಪಾರ್ಕ್‌ನಲ್ಲಿ ಥೈಸ್ಟೀಸ್ ಚೇಸ್, ಫೆಬ್ರವರಿ ಕೊನೆಯಲ್ಲಿ ಫೇರಿಹೌಸ್‌ನಲ್ಲಿ ಬಾಬಿಜೋ ಚೇಸ್, ಎರಡೂ ಗೆದ್ದಿತ್ತು. ಆದರೂ ಒಂದಕ್ಕೆ 33! ಟ್ರೈನರ್ ವಿಲ್ಲಿ ಮಲ್ಲಿನ್ಸ್ ಅದೇ ರೇಸಿಗೆ ಹಿಂದಿನ ವರ್ಷ ಗೆದ್ದ ಐ ಆ್ಯಮ್ ಮ್ಯಾಕ್ಸಿಮಸ್ ಸೇರಿದಂತೆ ಹಲವು ಕುದುರೆ ಕಳಿಸಿದ್ದರು, ಜನರ ಕಣ್ಣು ಅವುಗಳ ಕಡೆ ಇತ್ತು ಅಂತ ನನ್ನ ಅನಿಸಿಕೆ. ಒಂದೇ ಲಾಯದಿಂದ ಐದಾರು ಕುದುರೆ ಬಂದಾಗ ಎಲ್ಲರೂ ಮಾತಾಡದ ಕುದುರೆಯ ದಾಖಲೆಯನ್ನೂ ಒಮ್ಮೆ ಪೂರ್ತಿ ಓದಿ.

ಅಂದಹಾಗೆ ಜಾಸ್ತಿ ತೂಕದ ಕುದುರೆಗಳನ್ನು ಕಣ್ಣುಮುಚ್ಚಿ ಹೊಡೆದುಹಾಕಬೇಡಿ. 2015ರಲ್ಲಿ ಮೆನಿ ಕ್ಲೌಡ್ಸ್ 11 ಸ್ಟೋನ್ 9 ಪೌಂಡ್ ಹೊತ್ತು ಗೆದ್ದಿತು, ಅದಕ್ಕೆ ಒಂದಕ್ಕೆ 25 ಸಿಕ್ಕಿತ್ತು.

ಪ್ರಶ್ನೆ: ಕುದುರೆಯ ಹೆಸರಿನ ಪಕ್ಕ ‘ಪಿ’, ‘ಎಫ್’, ‘ಯು’ ಅಂತ ಇರುತ್ತದೆ. ಅಂಥ ಕುದುರೆ ಬೇಡ ಅಂತ ಬಿಟ್ಟುಬಿಡಬೇಕಾ?

ಉತ್ತರ: ‘ಎಫ್’ ಅಂದರೆ ಕುದುರೆ ಬಿದ್ದಿದೆ. ‘ಯು’ ಅಂದರೆ ಜಾಕಿ ಬಿದ್ದಿದ್ದಾನೆ. ‘ಬಿ’ ಅಂದರೆ ಬೇರೆ ಕುದುರೆಯಿಂದಾಗಿ ಬಿದ್ದದ್ದು, ಅದರಲ್ಲಿ ಇದರ ತಪ್ಪಿಲ್ಲ. ‘ಆರ್’ ಅಂದರೆ ಹಾರಲು ಒಪ್ಪಲಿಲ್ಲ, ಇದು ನನಗೆ ಇಷ್ಟವಾಗದ ಅಕ್ಷರ. ‘ಪಿ’ ಅಂದರೆ ಜಾಕಿಯೇ ಮಧ್ಯದಲ್ಲಿ ನಿಲ್ಲಿಸಿದ್ದು. ದಣಿದು ಹಿಂದೆ ಬಿದ್ದ ಕುದುರೆಯನ್ನು ಹಿಂಸಿಸದೆ ನಿಲ್ಲಿಸುವುದು ಒಳ್ಳೆಯ ಜಾಕಿಯ ಲಕ್ಷಣ. ಹಾಗಾಗಿ ಒಂದು ‘ಪಿ’ಗೆ ಹೆದರಬೇಡಿ, ಆ ದಿನ ನೆಲ ಹೆವಿ (ತುಂಬ ಕೆಸರು) ಇತ್ತಾ, ತಿಂಗಳುಗಟ್ಟಲೆ ವಿಶ್ರಾಂತಿಯ ನಂತರದ ಮೊದಲ ಓಟವಾ ಅಂತ ನೋಡಿ. ಸಾಲಾಗಿ ಮೂರು ‘ಪಿ’ ಇದ್ದು ಮೂರಕ್ಕೂ ಬೇರೆ ಬೇರೆ ನೆಪ ಹುಡುಕಬೇಕಾಗಿ ಬಂದರೆ, ನೀವು ಕುದುರೆಗೆ ವಕೀಲರಾಗುತ್ತಿದ್ದೀರಿ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ.

ಗೆದ್ದ ಸಂಖ್ಯೆಯೂ ಮೋಸ ಮಾಡುತ್ತದೆ. 2016ರಲ್ಲಿ ಗೆದ್ದ ರೂಲ್ ದ ವರ್ಲ್ಡ್ ಅದಕ್ಕೂ ಮೊದಲು ಒಂದೇ ಒಂದು ಸ್ಟೀಪಲ್‌ಚೇಸ್ (ದೊಡ್ಡ ಬೇಲಿಗಳ ರೇಸು) ಗೆದ್ದಿರಲಿಲ್ಲ. ಆದರೆ ಹಿಂದಿನ ವರ್ಷ ಐರಿಷ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಎರಡನೆಯದಾಗಿತ್ತು.

ಪ್ರಶ್ನೆ: ಏಳು ವರ್ಷದ ಕುದುರೆ ಗೆಲ್ಲುವುದಿಲ್ಲ ಅನ್ನುವಂಥ ಹಳೆಯ ಅಂಕಿಅಂಶಗಳನ್ನು ನಂಬಬಹುದಾ?

ಉತ್ತರ: 2022ರಲ್ಲಿ ನೋಬಲ್ ಯೇಟ್ಸ್ ಗೆದ್ದಾಗ ಅದಕ್ಕೆ ಏಳೇ ವರ್ಷ. ಅದಕ್ಕೂ ಮೊದಲು ಆ ವಯಸ್ಸಿನಲ್ಲಿ ಗೆದ್ದದ್ದು 1940ರಲ್ಲಿ. ಆಡ್ಸ್ ಒಂದಕ್ಕೆ 50. ವರ್ಷಕ್ಕೆ ಒಂದೇ ಸಲ ನಡೆಯುವ ರೇಸು, ಅದರಲ್ಲಿ ಏಳು ವರ್ಷದ ಕುದುರೆಗಳು ಓಡುವುದೇ ಕಡಿಮೆ, ಅಂಥದ್ದರಲ್ಲಿ ನಿಯಮ ಹುಡುಕಬಾರದು. ಕುದುರೆಗೆ ಇಷ್ಟು ದೂರ ಓಡುವ ಕಸುವಿದೆಯಾ ಅಂತ ಕೇಳಿ, ಹುಟ್ಟಿದ ವರ್ಷ ಆಮೇಲೆ.

ಪ್ರಶ್ನೆ: ಈಚ್ ವೇ ಬೆಟ್ ಲೆಕ್ಕ ಅರ್ಥ ಆಗುವಂತೆ ಹೇಳುತ್ತೀರಾ?

ಉತ್ತರ: ಅದು ಎರಡು ಬೆಟ್. ಅರ್ಧ ದುಡ್ಡು ಗೆಲುವಿಗೆ, ಅರ್ಧ ಮೊದಲ ಕೆಲವು ಸ್ಥಾನಗಳಲ್ಲಿ ಬರುವುದಕ್ಕೆ. 16 ಅಥವಾ ಹೆಚ್ಚು ಕುದುರೆಗಳ ಹ್ಯಾಂಡಿಕ್ಯಾಪ್‌ನಲ್ಲಿ ವಾಡಿಕೆ ಅಂದರೆ ಮೊದಲ ನಾಲ್ಕು ಸ್ಥಾನ, ಆಡ್ಸ್‌ನ ಕಾಲು ಭಾಗ. ನೀವು 5 ಪೌಂಡ್ ಈಚ್ ವೇ ಅಂದರೆ ಒಟ್ಟು 10 ಪೌಂಡ್ ಕೊಡುತ್ತೀರಿ. ಆಡ್ಸ್ 40 ಇದ್ದು ಕುದುರೆ ನಾಲ್ಕನೆಯದಾದರೆ ಗೆಲುವಿನ 5 ಹೋಯಿತು, ಉಳಿದ 5ಕ್ಕೆ ಹತ್ತು ಪಟ್ಟು ಅಂದರೆ 50, ಕಟ್ಟಿದ 5 ಸೇರಿ 55 ಕೈಗೆ ಬರುತ್ತದೆ. ನ್ಯಾಷನಲ್ ದಿನ ಕೆಲವು ಬುಕ್ಕಿಗಳು ಐದು, ಆರು ಸ್ಥಾನಕ್ಕೂ ಕೊಡುತ್ತಾರೆ, ಆದರೆ ಕಾಲು ಭಾಗದ ಬದಲು ಐದನೇ ಒಂದು ಭಾಗ ಮಾಡಿರುತ್ತಾರೆ. ಆಗ ಅದೇ ಬೆಟ್‌ಗೆ 45. ದೊಡ್ಡ ಆಡ್ಸ್‌ನ ಕುದುರೆಗೆ ನನಗೆ ಹೆಚ್ಚು ಸ್ಥಾನಗಳೇ ಇಷ್ಟ. ಇಷ್ಟು ದೂರದ ರೇಸಿನಲ್ಲಿ ನಿಧಾನವಾದರೂ ಕಸುವಿರುವ ಕುದುರೆ ಕೊನೆಯ ಅರ್ಧ ಮೈಲಿಯಲ್ಲಿ ಸುಸ್ತಾದವನ್ನು ಒಂದೊಂದಾಗಿ ದಾಟಿ ಐದನೆಯದೋ ಆರನೆಯದೋ ಆಗುವುದು ಎಷ್ಟೋ ಸಲ ಕಾಣುತ್ತದೆ.

ಪ್ರಶ್ನೆ: ಮೊದಲ ಸಲ ಕಣ್ಣುಪಟ್ಟಿ (ಅಕ್ಕಪಕ್ಕ ಕಾಣದಂತೆ ಹಾಕುವ ಬ್ಲಿಂಕರ್) ಹಾಕಿದ ಕುದುರೆ, ಉಸಿರಾಟದ ಆಪರೇಷನ್ ಆದ ಕುದುರೆ, ಇವು ಸುಧಾರಿಸುತ್ತವಾ?

ಉತ್ತರ: ಕೆಲವು ಸುಧಾರಿಸುತ್ತವೆ. ಆಪರೇಷನ್ ಆದ ನಂತರದ ಮೊದಲ ಓಟವನ್ನು ಬ್ರಿಟನ್ನಿನಲ್ಲಿ 2018ರಿಂದ ರೇಸ್ ಪಟ್ಟಿಯಲ್ಲೇ ತಿಳಿಸುತ್ತಾರೆ. ಬೇರೆ ಕಾರಣಗಳ ಜೊತೆಗೆ ಇದೂ ಇದ್ದರೆ ಒಳ್ಳೆಯದು, ಇದೊಂದನ್ನೇ ನಂಬಿ ದುಡ್ಡು ಹಾಕಬೇಡಿ.

ಪ್ರಶ್ನೆ: ಹೋದ ವರ್ಷ ಔಟ್‌ಸೈಡರ್‌ಗಳ (ದೊಡ್ಡ ಆಡ್ಸ್‌ನ ಕುದುರೆಗಳ) ಮೇಲೆ ಕಟ್ಟಿ 200 ಪೌಂಡ್ ಕಳೆದುಕೊಂಡೆ. ವಾಪಸ್ ಪಡೆಯಲು ಮುಂದಿನ ವಾರಗಳಲ್ಲಿ ಇನ್ನೂ ಕಟ್ಟಿದೆ, ಅದೂ ಹೋಯಿತು. ಮನೆಯಲ್ಲಿ ಹೇಳಿಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ: ಬರೆದದ್ದು ಒಳ್ಳೆಯದಾಯಿತು. ನಿಮ್ಮ ಆಯ್ಕೆ ಸರಿಯಿದ್ದರೂ ಹೀಗೇ ಆಗಬಹುದಿತ್ತು. ಗೆಲ್ಲುವ ಅವಕಾಶ ನಿಜಕ್ಕೂ 60ರಲ್ಲಿ ಒಂದು ಇರುವ ಕುದುರೆಗಳ ಮೇಲೆ 60 ಸಲ ಕಟ್ಟಿದರೂ ಒಮ್ಮೆಯೂ ಗೆಲ್ಲದೆ ಹೋಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಮೇಲಾಗಿ ಬುಕ್ಕಿಗಳು ತಮ್ಮ ಲಾಭವನ್ನು ಹೆಚ್ಚಾಗಿ ಇಂಥ ಕುದುರೆಗಳ ಆಡ್ಸ್‌ನಲ್ಲೇ ಇಟ್ಟಿರುತ್ತಾರೆ. ಒಂದಕ್ಕೆ 100 ಅಂತ ಬರೆದಿರುವ ಕುದುರೆ ನಿಜಕ್ಕೂ 101ರಲ್ಲಿ ಒಂದು ಸಲ ಗೆಲ್ಲುವುದಿಲ್ಲ, ಅದಕ್ಕಿಂತ ಕಡಿಮೆಯೇ. ಅಂದರೆ ಔಟ್‌ಸೈಡರ್ ಬೆಟ್ ಅನ್ನುವುದು ಹೋದರೆ ಹೋಗಲಿ ಅನ್ನುವ ಸಣ್ಣ ದುಡ್ಡಿನಲ್ಲಿ, ವರ್ಷಕ್ಕೆ ಕೆಲವೇ ಸಲ ಆಡುವಂಥದ್ದು. ಕಳೆದದ್ದನ್ನು ವಾಪಸ್ ತರಲು ಅದಕ್ಕಿಂತ ಕೆಟ್ಟ ದಾರಿ ಇಲ್ಲ.

ಈ ವರ್ಷ ನೀವು ಬೆಟ್ ಕಟ್ಟಬೇಡಿ. ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಕೊಟ್ಟರೆ ಬ್ರಿಟನ್ನಿನ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಬೆಟ್ಟಿಂಗ್ ಖಾತೆಗಳೂ ನಿಮಗೆ ಮುಚ್ಚುತ್ತವೆ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಅಂತ ಆರಿಸಿಕೊಳ್ಳಬಹುದು. ಖರ್ಚಿಲ್ಲ. ಮನೆಯಲ್ಲಿ ಇವತ್ತೇ ಹೇಳಿಬಿಡಿ, ಮೊತ್ತ ಇನ್ನೂ ಹೇಳಿಕೊಳ್ಳಬಹುದಾದಷ್ಟೇ ಇದೆ. ಮತ್ತೆ ಬರೆಯಿರಿ, ಹೇಗಿದ್ದೀರಿ ಅಂತ ತಿಳಿಯಬೇಕು.

ಪ್ರಶ್ನೆ: ಮಾರ್ಚ್‌ನಲ್ಲೇ ಬೆಟ್ ಕಟ್ಟಿ, ಕುದುರೆ ಓಡದೇ ಹೋದರೆ ದುಡ್ಡು ಬರುತ್ತದಾ?

ಉತ್ತರ: ಸಾಮಾನ್ಯವಾಗಿ ಬರುವುದಿಲ್ಲ. ‘ನಾನ್ ರನ್ನರ್, ನೋ ಬೆಟ್’ ಅಂತ ಬುಕ್ಕಿ ಹೇಳಿದ್ದರೆ ಮಾತ್ರ ವಾಪಸ್. ಔಟ್‌ಸೈಡರ್‌ಗಳಿಗೆ ಇನ್ನೊಂದು ತೊಂದರೆ ಇದೆ: ಕಡಿಮೆ ರೇಟಿಂಗ್ ಇದ್ದರೆ ಮೊದಲ 34ರೊಳಗೆ ಜಾಗವೇ ಸಿಗದಿರಬಹುದು. ಓಡುವ ಕುದುರೆಗಳ ಕೊನೆಯ ಪಟ್ಟಿ ಬರುವುದು ರೇಸಿನ ವಾರದ ಗುರುವಾರ. ಅಲ್ಲಿವರೆಗೆ ಕಾದರೆ ನೆಲ ಹೇಗಿರುತ್ತದೆ ಅನ್ನುವುದೂ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಆಡ್ಸ್ ಸ್ವಲ್ಪ ಇಳಿದಿದ್ದರೂ ನಾನಾದರೆ ಗುರುವಾರದವರೆಗೆ ಕಾಯುತ್ತೇನೆ.